ಲೂಪಸ್: ವಂಶ ಒಂದು ಸುಳಿವು ಮಾತ್ರ



ಬೇಲಿಯೇ ಎದ್ದು ಹೊಲ ಮೇಯ್ದಂತೆ, ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಲೂಪಸ್. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಅಮೆರಿಕದಲ್ಲಿ ಬಿಳಿಯರಿಗಿಂತ ಕಪ್ಪು ಮಹಿಳೆಯರಲ್ಲಿ ಇದು ಹೆಚ್ಚು; ಅವರ ಮೂತ್ರಪಿಂಡಗಳಿಗೂ ಹೆಚ್ಚಾಗಿ ತಗಲುತ್ತದೆ.

ಇದೇಕೆ? ವೈರಸ್ ಬಂದಾಗ ಎಚ್ಚರಗೊಳ್ಳುವ ಇಂಟರ್‌ಫೆರಾನ್ ಸಂಬಂಧಿ ಜೀನ್‌ಗಳು ಅನೇಕ ಲೂಪಸ್ ರೋಗಿಗಳಲ್ಲಿ ಸುಮ್ಮನೆ ಚುರುಕಾಗಿರುತ್ತವೆ ಎಂಬುದು 2003ರಲ್ಲೇ ತಿಳಿಯಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ವಂಶಮೂಲವನ್ನೂ ನೋಡಿತು. ಆಫ್ರಿಕಾ ಮೂಲದ ಮಹಿಳೆಯರಲ್ಲಿ ಪ್ರತಿಕಾಯ ತಯಾರಿಸುವ ಜೀವಕೋಶಗಳ ಜೀನ್ ಚಟುವಟಿಕೆ ಎದ್ದು ಕಂಡಿತು. ಯುರೋಪ್ ಮೂಲದವರಲ್ಲಿ ಬೇರೆ ಬಗೆಯ ಬಿಳಿ ರಕ್ತಕಣಗಳದ್ದು.

ಹಾಗಾದರೆ ವಂಶ ನೋಡಿ ಔಷಧ ಬರೆಯಬಹುದೇ? ಖಂಡಿತ ಇಲ್ಲ. ಸೇವಿಸುವ ಔಷಧಗಳೂ ಈ ಚಟುವಟಿಕೆಯನ್ನು ಬದಲಿಸುತ್ತವೆ. ಬಡತನ, ತಡವಾದ ಚಿಕಿತ್ಸೆಗಳೂ ಕಾಯಿಲೆಯನ್ನು ಬಿಗಡಾಯಿಸುತ್ತವೆ. ಆದ್ದರಿಂದ ಹೊಸ ಔಷಧಗಳ ಪರೀಕ್ಷೆಯಲ್ಲಿ ಎಲ್ಲ ಮೂಲದವರೂ ಇರಬೇಕು. ಚಿಕಿತ್ಸೆ ಮಾತ್ರ ಎದುರಿಗಿರುವ ರೋಗಿಯನ್ನು ನೋಡಿಯೇ ನಡೆಯಬೇಕು.

ಕೆನ್ನೆ, ಮೂಗಿನ ಮೇಲೆ ಕೆಂಪು ಗುರುತು, ಕೀಲುನೋವು, ಬಿಡದ ದಣಿವು ಇದ್ದರೆ ಅಸಡ್ಡೆ ಬೇಡ. ವೈದ್ಯರನ್ನು ಕಾಣಿ. ಲೂಪಸ್ ಇರುವವರು ಮೂತ್ರಪರೀಕ್ಷೆಯನ್ನು ತಪ್ಪಿಸಬೇಡಿ. ಮೂತ್ರಪಿಂಡದ ತೊಂದರೆ ನೋವಿಲ್ಲದೆಯೇ ಶುರುವಾಗಬಹುದು.