ಹೆಸರು, ಸರಕು ಮತ್ತು ಸಾಲ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ಸೀಮೆಯ ವಾಹನಗಳ ಮೇಲೆ ಕೆಎ 45 ಎಂಬ ಗುರುತನ್ನು ತಾವು ನಿತ್ಯವೂ ಕಾಣುತ್ತೀರಿ. ಹೊಗೆಸೊಪ್ಪಿನ ಹರಾಜಾಗಿ ಕೈಗೆ ನಾಲ್ಕು ಕಾಸು ಬಂದೊಡನೆ ಮೋಟಾರು ಸೈಕಲ್ಲನ್ನು ಕೊಳ್ಳಬೇಕೆಂಬ ಅಪೇಕ್ಷೆ ರೈತನಿಗೆ ಹುಟ್ಟುವುದು ಸಹಜವೇ. ಆಗ ಅವನ ಮುಂದೆ ನಿಲ್ಲುವವರು ಮೂವರು: ಯಂತ್ರವನ್ನು ಮಾಡಿದವನು, ಮಾರುವವನು, ಸಾಲ ಕೊಡುವವನು. ಟ್ಯಾಂಕಿನ ಮೇಲಣ ಹೆಸರು ಮೊದಲನೆಯವನದು, ಅಂಗಡಿಯ ಹಲಗೆ ಎರಡನೆಯವನದು, ಕಾಗದಪತ್ರ ಮೂರನೆಯವನದು. ಈ ಮೂರನ್ನೂ ಒಂದೇ ಎಂದೆಣಿಸುವುದರಿಂದಲೇ ಅನೇಕ ತೊಡಕುಗಳು ಹುಟ್ಟುತ್ತವೆ.

ಹೆಸರಿನ ಮಹಿಮೆ ಎಷ್ಟೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವುಂಟು. ಜೆಕೊಸ್ಲೊವಾಕಿಯಾದ ಜಾವಾ ಯಂತ್ರವನ್ನು ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಇಲ್ಲಿ ತಯಾರಿಸತೊಡಗಿತು; 1970ರ ದಶಕದಲ್ಲಿ ಯೆಜ್ದಿ ಎಂಬ ಸ್ವಂತ ಹೆಸರನ್ನು ತಳೆಯಿತು. ಎನ್‌ಫೀಲ್ಡ್, ರಾಜದೂತ್‌ಗಳೊಡನೆ ಅದು ಬಹುಕಾಲ ಸ್ಪರ್ಧಿಸಿತು. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದು, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ಯಂತ್ರವನ್ನು ಜನರಿಗೆ ತೋರಿಸಿತು. ಪ್ರೀತಿ ಯೆಜ್ದಿಯ ಮೇಲಿದ್ದರೂ ಹಣ ಮಿತವ್ಯಯದ ಕಡೆಗೆ ಹರಿಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಅಳಿದರೂ ಹೆಸರು ಅಳಿಯಲಿಲ್ಲ. ಕ್ಲಾಸಿಕ್ ಲೆಜೆಂಡ್ಸ್ ಎಂಬ ಬೇರೊಂದು ಸಂಸ್ಥೆಯು 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ದಿಯನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಯೆಜ್ದಿ ಮುದ್ರೆ ಯಾರದೆಂಬ ವ್ಯಾಜ್ಯದಲ್ಲಿ, ಅದು ಸಮಾಪನಗೊಳ್ಳುತ್ತಿದ್ದ ಹಳೆಯ ಕಂಪನಿಗೆ ಸೇರಿದ್ದೆಂದು 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು ತೀರ್ಪಿತ್ತಿತು. ಅದರ ಮೇಲೆ ಮೇಲ್ಮನವಿಯೂ ಆಯಿತು. ಮುಚ್ಚಿದ ಕಾರ್ಖಾನೆಯ ಹೆಸರಿಗೂ ಬೆಲೆಯುಂಟೆಂಬುದು ಇದರಿಂದ ಸ್ಪಷ್ಟ. ಆದರೆ ಕೊಳ್ಳುವವನು ತಿಳಿಯಬೇಕಾದುದು ಇಷ್ಟು: ಹಳೆಯ ಹೆಸರು ಹಳೆಯ ಮನೆತನದ ಹೊಣೆಯನ್ನು ತಾನಾಗಿ ಹೊತ್ತು ತರುವುದಿಲ್ಲ. ಬಿಡಿಭಾಗಗಳು ಹುಣಸೂರಿನಲ್ಲಿ ದೊರೆಯುವುವೆ, ದುರಸ್ತಿ ಮಾಡಬಲ್ಲವರು ಹತ್ತಿರದಲ್ಲಿರುವರೆ ಎಂಬುದನ್ನು ವಿಚಾರಿಸಿಯೇ ಮುಂದುವರಿಯತಕ್ಕದ್ದು.

ಇನ್ನು ಸಾಲದ ಮಾತು. ಅರುವತ್ತು ಸಾವಿರ ರೂಪಾಯಿಗೆ ಎರಡು ವರ್ಷ, ವರ್ಷಕ್ಕೆ ನೂರಕ್ಕೆ ಹತ್ತರಂತೆ ನೇರ ಬಡ್ಡಿ ಎಂದರೆ ಸುಲಭವಾಗಿ ಕೇಳಿಸುತ್ತದೆ. ಬಡ್ಡಿ ಹನ್ನೆರಡು ಸಾವಿರ. ತಿಂಗಳ ಕಂತು 3,000. ಆದರೆ ಅಸಲು ತಿಂಗಳು ತಿಂಗಳೂ ಇಳಿಯುತ್ತ ಹೋದರೂ ಬಡ್ಡಿಯನ್ನು ಪೂರ್ತಿ ಅರುವತ್ತು ಸಾವಿರದ ಮೇಲೆಯೇ ಹಾಕಲಾಗಿದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ದರ ಸುಮಾರು ನೂರಕ್ಕೆ ಹದಿನೆಂಟಾಗುತ್ತದೆ! ಆದ್ದರಿಂದ ಇಬ್ಬರು ಸಾಲಗಾರ ಸಂಸ್ಥೆಗಳ ದರವನ್ನು ಹೋಲಿಸುವಾಗ ಇಳಿಯುವ ಅಸಲಿನ ದರವನ್ನೇ ಇಬ್ಬರಿಂದಲೂ ಕೇಳಿರಿ.

ಕಡೆಯದಾಗಿ, ಕಂತುಗಳು ತೀರಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿರುವ ಸಾಲಕೊಟ್ಟವನ ಹೆಸರು ಹೋಗಿಬಿಟ್ಟಿತೆಂದು ತಿಳಿಯಬಾರದು. ಅವನ ಒಪ್ಪಿಗೆಯನ್ನು ಪಡೆದು, 35ನೆಯ ನಮೂನೆಯ ಮೂಲಕ ಅದನ್ನು ತೆಗೆಸಿಕೊಂಡ ಮೇಲೆಯೇ ವಾಹನವು ಋಣಮುಕ್ತವೆಂದು ಕಾಗದದಲ್ಲಿಯೂ ಸಿದ್ಧವಾಗುವುದು. ಹೆಸರನ್ನು ಮೆಚ್ಚಿ, ಸರಕನ್ನು ಪರೀಕ್ಷಿಸಿ, ಸಾಲವನ್ನು ಲೆಕ್ಕ ಹಾಕಿ ಕೊಂಡವನಿಗೆ ಪಶ್ಚಾತ್ತಾಪದ ಕಾರಣವಿರಲಾರದು.