ಅಪ್ಪನ ಹೊಲ, ಅಪ್ಪನ ಹಗೆ

(ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಯ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಕೂಲಿಯ ಮೇಲೆ, ಬೆಲೆಯೇರಿಕೆಯ ಮೇಲೆ ಮಾತಾಡಬೇಕೆಂದು ಸಂಘದವರು ನಮಗೆ ಹೇಳಿದ್ದರು. ಅವು ದಿನಾಲು ಇದ್ದೇ ಇರುವ ಮಾತು. ಇಂದು ನಾವು ಒಂದು ಸಿನಿಮಾದ ಮೇಲೆ ಮಾತಾಡುತ್ತೇವೆ. ನಗಬೇಡಿರಿ. ಪಾಳಿ ಮುಗಿಸಿ ಬಂದ ಹುಡುಗರು ಚಹದಂಗಡಿಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಏನು ನೋಡುತ್ತಾರೆ ಎಂಬುದೂ ಸಂಘದ ವಿಷಯವೇ. ಯಾಕೆಂದರೆ ನಾಳೆ ಆ ಹುಡುಗರೇ ಸಂಘ ನಡೆಸುವವರು. ಇಲ್ಲವೆ, ಯಾರದೋ ಕಾರಿನ ಹಿಂದೆ ಕೂತು ಹೋಗುವವರು.

ಆ ಚಿತ್ರ ತಮಿಳಿನದು. 'ಚೆಕ್ಕ ಚಿವಂದ ವಾನಂ' ಎಂದು ಹೆಸರು. 2018 ರ ಸೆಪ್ಟೆಂಬರಿನಲ್ಲಿ ಬಂತು. ಮಣಿರತ್ನಂ ತೆಗೆದದ್ದು. ತೆಲುಗಿನಲ್ಲಿ 'ನವಾಬ್' ಎಂದು ಕರೆದರು. ಸೇನಾಪತಿ ಎಂಬ ಒಬ್ಬ ಯಜಮಾನ. ಆ ಪಾತ್ರ ಮಾಡಿದವರು ನಮ್ಮ ಕನ್ನಡದ ಪ್ರಕಾಶ ರಾಜ್. ಅವನ ಕಸಬು ಗೂಂಡಾಗಿರಿ. ಮೂವರು ಗಂಡುಮಕ್ಕಳು. ಹಿರಿಯ ಮನೆಯಲ್ಲಿ, ನಡುವಣವ ದುಬೈಯಲ್ಲಿ, ಕಿರಿಯ ಸರ್ಬಿಯಾದಲ್ಲಿ. ತಂದೆಯ ಮೇಲೆ ದಾಳಿಯಾಗುತ್ತದೆ. ಸ್ವಲ್ಪ ದಿನಕ್ಕೆ ತಂದೆ ಸಾಯುತ್ತಾನೆ. ಗಾದಿ ಯಾರಿಗೆ? ಇಷ್ಟೇ ಕಥೆ. ಒಬ್ಬ ಸೊಸೆ ಗುಂಡಿಗೆ ಬಲಿಯಾಗುತ್ತಾಳೆ, ಇನ್ನೊಬ್ಬಳು ದುಬೈಯ ಸೆರೆಮನೆಗೆ ಹೋಗುತ್ತಾಳೆ. ಕೊನೆಗೆ ಗಾದಿಗಾಗಿ ಬಡಿದಾಡಿದ ಮೂವರಲ್ಲಿ ಒಬ್ಬನೂ ಉಳಿಯುವುದಿಲ್ಲ. ಗೆಳೆಯನೆಂದು ಜೊತೆಗೆ ತಿರುಗಿದವನು ಪೋಲೀಸರ ಕಡೆಯವನೆಂದು ಹೊರಬೀಳುತ್ತದೆ.

ಚಿತ್ರ ಚೆನ್ನಾಗಿದೆ. ಚೆನ್ನಾಗಿಲ್ಲವೆಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ನೋಡಿದ ಹುಡುಗರಿಗೆ ಏನು ನೆನಪುಳಿಯಿತೆಂದು ಕೇಳಿ ನೋಡಿರಿ. ಕಾರು ನೆನಪಿದೆ, ಕರಿಯ ಕನ್ನಡಕ ನೆನಪಿದೆ, ಅಣ್ಣ ಬಂದಾಗ ಜನ ಎದ್ದು ನಿಂತದ್ದು ನೆನಪಿದೆ. ಮೂರು ಹೆಣ ನೆನಪಿಲ್ಲ.

ಈ ಕಥೆ ಮದ್ರಾಸಿನದೆಂದು ನೀವು ಸುಮ್ಮನಾಗಬೇಡಿರಿ. ನಮ್ಮ ಅಫಜಲಪುರದ ಮಗ್ಗುಲಲ್ಲಿಯೇ ಭೀಮಾ ನದಿ ಹರಿಯುತ್ತದೆ. ಆ ನೀರಿನಿಂದ ಕಬ್ಬು ಬೆಳೆದಿದೆ, ಜೋಳ ಬೆಳೆದಿದೆ, ಗಾಣಗಾಪುರದ ಸಂಗಮದಲ್ಲಿ ಜನ ಮಿಂದು ಪುಣ್ಯ ಕಟ್ಟಿಕೊಂಡಿದ್ದಾರೆ. ಹೀಗಿದ್ದೂ ಹೊರಗಿನವರಿಗೆ 'ಭೀಮಾ ತೀರ' ಎಂದರೆ ನೆನಪಾಗುವುದು ಕಂಟ್ರಿ ಪಿಸ್ತೂಲು, ಹಗೆ, ಹೆಣ. 2012 ರಲ್ಲಿ 'ಭೀಮಾ ತೀರದಲ್ಲಿ' ಎಂದೇ ಒಂದು ಕನ್ನಡ ಸಿನಿಮಾ ಬಂತು. ದುಡಿಯುವ ಲಕ್ಷಾಂತರ ಜನರ ಹೆಸರು ಎಲ್ಲಿಯೂ ಇಲ್ಲ. ಬಂದೂಕು ಹಿಡಿದ ನಾಲ್ಕು ಜನರ ಹೆಸರು ಇಡೀ ನದಿಗೆ ಅಂಟಿಕೊಂಡಿತು.

ವಿಜಯಪುರ ಜಿಲ್ಲೆಯ ಉಮರಾಣಿಯ ಸಂಗತಿ ನಿಮಗೆ ಗೊತ್ತಿದ್ದದ್ದೇ. ಚಡಚಣ ಮನೆತನ ಒಂದು, ಭೈರಗೊಂಡ ಮನೆತನ ಒಂದು. ಹಗೆ ಹತ್ತಾರು ವರ್ಷದ್ದು. 2017 ರ ಅಕ್ಟೋಬರಿನಲ್ಲಿ ಒಂದು ಮನೆಯ ಮಗ ಪೋಲೀಸರ ಗುಂಡಿಗೆ ಬಿದ್ದ. ಅವನ ತಮ್ಮ ಕಾಣೆಯಾದ. ಕೊಲೆಯಾದನೆಂದು ಆಮೇಲೆ ತನಿಖೆಯಲ್ಲಿ ಬಂತು. 2018 ರಲ್ಲಿ ಸಿ.ಐ.ಡಿ.ಯವರು ಎದುರು ಮನೆಯ ಯಜಮಾನನನ್ನು ಬಂಧಿಸಿದರು. ಅಷ್ಟೇ ಅಲ್ಲ, ಪೋಲೀಸ ಅಧಿಕಾರಿಗಳನ್ನೂ ಬಂಧಿಸಿದರು. 2020 ರ ನವೆಂಬರಿನಲ್ಲಿ ವಿಜಯಪುರದ ಹತ್ತಿರ ಅದೇ ಯಜಮಾನನ ಮೇಲೆ ದಾಳಿಯಾಯಿತು. ಅವನು ಗಾಯಗೊಂಡು ಬದುಕಿದ. ಅವನ ಹತ್ತಿರ ದುಡಿಯುತ್ತಿದ್ದ ಇಬ್ಬರು ಸತ್ತರು.

ಯಾರು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಅದು ನಮ್ಮ ಕೆಲಸವಲ್ಲ. ನಾವು ನಿಮ್ಮ ಮುಂದೆ ಇಡುವುದು ಕೊನೆಯ ಆ ಒಂದು ಸಾಲನ್ನು. ಹಗೆ ಸಾಹುಕಾರರದು, ಸತ್ತವರು ಸಂಬಳದವರು. ಸಿನಿಮಾದಲ್ಲಿಯೂ ಅಷ್ಟೇ. ಮೂವರು ಅಣ್ಣತಮ್ಮಂದಿರ ಹೆಸರು ನಮಗೆ ಗೊತ್ತು, ಅವರ ಸಲುವಾಗಿ ಗುಂಡು ತಿಂದ ಹತ್ತಾರು ಜನರ ಹೆಸರು ಯಾರಿಗೂ ಗೊತ್ತಿಲ್ಲ. ಗಾದಿ ಮಗನಿಗೆ ಹೋಗುತ್ತದೆ, ಗುಂಡು ಆಳಿಗೆ ಬರುತ್ತದೆ. ನಮ್ಮ ಹುಡುಗ ಆ ಚಿತ್ರ ನೋಡುವಾಗ ತಾನು ಸೇನಾಪತಿಯ ಮಗನೆಂದು ತಿಳಿಯುತ್ತಾನೆ. ಅಲ್ಲಪ್ಪ ತಮ್ಮಾ, ನಿನ್ನ ಪಾತ್ರ ಬೇರೆ! ನೀನು ಕಾರಿನ ಮುಂದಿನ ಸೀಟಿನಲ್ಲಿ ಕೂಡುವವನು.

ಇನ್ನೊಂದು ಮಾತು. ಅಪರಾಧ ರಕ್ತದಲ್ಲಿ ಬರುತ್ತದೆ, ಅಪ್ಪನಿಂದ ಮಗನಿಗೆ ಇಳಿಯುತ್ತದೆ ಎಂಬುದು ಸಿನಿಮಾದವರು ಕಂಡುಹಿಡಿದದ್ದಲ್ಲ. 1871 ರಲ್ಲಿ ಬ್ರಿಟಿಷ್ ಸರಕಾರವೇ ಅದನ್ನು ಕಾಯದೆ ಮಾಡಿತು. ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟುಗಳ್ಳರೆಂದು ಬರೆದಿಟ್ಟಿತು. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳಾದವು. ಸೊಲ್ಲಾಪುರದಲ್ಲಿ ಆ ಜನರನ್ನು ಮುಳ್ಳುತಂತಿಯ ಬೇಲಿಯೊಳಗೆ ಇಟ್ಟು, ಹಾಜರಿ ತೆಗೆದುಕೊಂಡು, ಅಲ್ಲಿಯ ನೂಲಿನ ಗಿರಣಿಗಳಿಗೆ ದುಡಿಯಲು ಕಳಿಸುತ್ತಿದ್ದರು. ಗಿರಣಿಯ ಒಡೆಯನಿಗೆ ಓಡಿಹೋಗಲಾರದ ಆಳು ಸಿಕ್ಕಿತು, ಸರಕಾರಕ್ಕೆ ಕಾವಲಿನ ಹೊರೆ ಇಳಿಯಿತು. ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952 ರ ಆಗಸ್ಟ್ 31 ರಂದು, ಆ ಕಾಯದೆ ರದ್ದಾಯಿತು. ಆದರೂ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ಆ ಜನರನ್ನು ಹುಟ್ಟುಗಳ್ಳರಂತೆ ಕಾಣುವ ಚಾಳಿಯನ್ನು ನಿಲ್ಲಿಸಲು ಸುಪ್ರೀಂ ಕೋರ್ಟು 2024 ರ ಅಕ್ಟೋಬರಿನಲ್ಲಿ ತೀರ್ಪು ಕೊಡಬೇಕಾಯಿತು.

ನ್ಯಾಯ ನೋಡಿರಿ. ಬಡವನ ಮಗ ಏನೂ ಮಾಡದಿದ್ದರೂ ಅವನ ಹುಟ್ಟೇ ಅಪರಾಧ, ಬೇಲಿ, ಹಾಜರಿ. ಸಾಹುಕಾರನ ಮಗ ಅಪ್ಪನ ಕಸುಬನ್ನೇ ಮುಂದುವರಿಸಿದರೆ ಅದು ವಂಶದ ಹಿರಿಮೆ. ಅದಕ್ಕೆ ಸಿನಿಮಾ, ಹಾಡು, ಕಟೌಟು. ಎರಡೂ ಸುಳ್ಳು. ಯಾವ ಕೂಸೂ ತಾಯಿಯ ಹೊಟ್ಟೆಯಿಂದ ಪಿಸ್ತೂಲು ಹಿಡಿದು ಬರುವುದಿಲ್ಲ. ಅಪ್ಪನಿಂದ ಮಗನಿಗೆ ಇಳಿಯುವುದು ರಕ್ತದ ಗುಣವಲ್ಲ. ಹೊಲ, ಹಣ, ಆಳು, ಪೋಲೀಸರ ಸಲಿಗೆ, ಚುನಾವಣೆಯ ಸಲಿಗೆ. ಇವು ಇಳಿದಲ್ಲೆಲ್ಲ ದಬ್ಬಾಳಿಕೆ ಇಳಿಯುತ್ತದೆ.

ಕಾಯದೆಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹಿಂದೆ ಹಿಂದೂ ಧರ್ಮಶಾಸ್ತ್ರದ ಲೆಕ್ಕದಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂದು ಕೋರ್ಟುಗಳೂ ಒಪ್ಪುತ್ತಿದ್ದವು. 2005 ರಲ್ಲಿ ಹಿಂದೂ ಉತ್ತರಾಧಿಕಾರ ಕಾಯದೆ ತಿದ್ದುಪಡಿಯಾಯಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದದ್ದು ಆಗಲೇ. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳಿತು: ಅಂದಿನಿಂದ ಮುಂದೆ ಮಾಡಿದ ಸಾಲಕ್ಕೆ, ಬರೇ ಮಗನೆಂಬ ಧರ್ಮದ ಕಾರಣದಿಂದ ಮಗನನ್ನಾಗಲಿ ಮೊಮ್ಮಗನನ್ನಾಗಲಿ ಹಿಡಿಯುವಂತಿಲ್ಲ. ಬಂಧುಗಳೆ, ಅಪ್ಪನ ಸಾಲವನ್ನೇ ಹೊರಬೇಕಾಗಿಲ್ಲವೆಂದು ಕಾಯದೆ ಹೇಳುವಾಗ, ಅಪ್ಪನ ಹಗೆಯನ್ನು ಹೊರಬೇಕೆಂದು ಹೇಳುವವರು ಯಾರು?

ಹಾಗಾದರೆ ನಮ್ಮ ಹುಡುಗರು ಆ ದಾರಿ ಯಾಕೆ ಹಿಡಿಯುತ್ತಾರೆ? ಅವರನ್ನು ಬೈದು ಮನೆಗೆ ಹೋಗುವುದು ಸುಲಭ. ನಾವು ಹಾಗೆ ಮಾಡಬಾರದು. ಹೊಲದ ಬದುವಿನ ಖಟ್ಲೆ ಅಜ್ಜನ ಕಾಲಕ್ಕೆ ಹಾಕಿದ್ದು ಮೊಮ್ಮಗನ ಕಾಲಕ್ಕೂ ಮುಗಿಯುವುದಿಲ್ಲ. ಠಾಣೆಗೆ ಹೋದರೆ ಬಡವನ ಫಿರ್ಯಾದಿ ಬರೆದುಕೊಳ್ಳುವವರಿಲ್ಲ. ಆಗ ಊರಿನ 'ಅಣ್ಣ' ಒಂದು ಸಂಜೆಯಲ್ಲಿ ನ್ಯಾಯ ಮುಗಿಸುತ್ತಾನೆ. ಅವನು ಕೊಟ್ಟದ್ದು ನ್ಯಾಯವಲ್ಲ, ಸಾಲ. ಅದರ ಬಡ್ಡಿ ಮುಂದೆ ಗೊತ್ತಾಗುತ್ತದೆ. ಇನ್ನು ಉದ್ಯೋಗ. ಕಲಬುರಗಿಯ ಎಂ.ಎಸ್.ಕೆ. ಮಿಲ್ಲು ಇದ್ದಾಗ ತಂದೆ ಮಗನಿಗೆ ಒಂದು ಕಸುಬನ್ನು ಬಿಟ್ಟು ಹೋಗುತ್ತಿದ್ದ. ಮಿಲ್ಲು ಮುಚ್ಚಿ ದಶಕಗಳಾದವು. ಸಕ್ಕರೆ ಕಾರ್ಖಾನೆಯ ಕೆಲಸವಾದರೂ ಹಂಗಾಮಿನದು. ಕಬ್ಬು ಅರೆಯುವ ತಿಂಗಳಲ್ಲಿ ಕೆಲಸ, ಉಳಿದ ತಿಂಗಳಲ್ಲಿ ಕಟ್ಟೆ. ಖಾಲಿ ಕೂತ ಹುಡುಗನನ್ನು ಕರೆಯಲು ಕಾರು ಬರುತ್ತದೆ, ಸಂಘ ಬರುವುದಿಲ್ಲ. ತಪ್ಪು ನಮ್ಮದೂ ಇದೆ.

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. ಗೂಂಡಾಗಿರಿಯ ಗಾದಿ ನಿಂತಿರುವುದು ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೆ. ಮೀಟರು ಬಡ್ಡಿ, ಹಫ್ತಾ, ವಂತಿಗೆ ಎಂದು ಒಬ್ಬೊಬ್ಬರೇ ಕೊಡುತ್ತ ಬಂದಿರಿ. ಮಿತಿ ಮೀರಿದ ಬಡ್ಡಿಯನ್ನು ತಡೆಯಲು ಕರ್ನಾಟಕದಲ್ಲಿ 2004 ರ ಕಾಯದೆಯೇ ಇದೆ. 2025 ರ ಫೆಬ್ರವರಿಯಲ್ಲಿ ಸಣ್ಣ ಸಾಲಗಳ ವಸೂಲಿಗೆ ಕಿರುಕುಳ ಕೊಡುವವರ ಮೇಲೆ ಸುಗ್ರೀವಾಜ್ಞೆ ಬಂತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ ಎಂದು ಅದರಲ್ಲಿ ಬರೆದಿತ್ತು. ಕಾಯದೆ ಕಾಗದದ ಮೇಲೆ ಮಲಗಿದೆ, ಎಬ್ಬಿಸುವವರು ಬೇಕು. ಒಬ್ಬ ಕಿರಾಣಿಯವನು ಹೋಗಿ ಫಿರ್ಯಾದಿ ಕೊಟ್ಟರೆ ಅವನ ಅಂಗಡಿಯ ಬಾಗಿಲು ಒಡೆಯುತ್ತದೆ; ಇಡೀ ಬಜಾರು ಹೋಗಿ ಕೊಟ್ಟರೆ ಠಾಣೆಯ ಬಾಗಿಲು ತೆರೆಯುತ್ತದೆ. ಅವರ ಸಂಗಡ ಕಾರ್ಖಾನೆಯ ಪಾಳಿಯೂ ನಡೆದು ಹೋದರೆ ಬರೆದುಕೊಳ್ಳದೆ ಗತಿಯಿಲ್ಲ.

ಅದಕ್ಕೆ ನಾವು ಕೇಳುವುದು ಮೂರೇ ಮಾತು. ಹಂಗಾಮು ಇಲ್ಲದ ತಿಂಗಳಲ್ಲಿ ಸಂಘದ ಖೋಲಿ ತೆರೆದಿರಲಿ. ಅಲ್ಲಿ ಪತ್ರಿಕೆ ಇರಲಿ, ಹುಡುಗರು ಬಂದು ಕೂಡಲಿ. ಜಗಳ ಬಿದ್ದವರು 'ಅಣ್ಣ'ನ ಮನೆಗೆ ಹೋಗುವ ಮೊದಲು ಸಂಘಕ್ಕೆ ಬರಲಿ. ಖಟ್ಲೆಗೆ ವಕೀಲರನ್ನು ಹುಡುಕಿ ಕೊಡುವ ಹೊಣೆ ನಮ್ಮದು. ಹಫ್ತಾ ಕೇಳಿದವನ ಹೆಸರನ್ನು ಹತ್ತು ಜನ ಕೂಡಿ ಹೇಳಲಿ.

ಸಿನಿಮಾ ನೋಡಬೇಡಿರಿ ಎಂದು ನಾವು ಹೇಳಿಲ್ಲ. ಮಗನ ಜೊತೆ ಕೂತು ನೋಡಿರಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿರಿ: ತಮ್ಮಾ, ಕೊನೆಗೆ ಆ ಮನೆಯಲ್ಲಿ ಯಾರು ಉಳಿದರು? ಅವನು ಲೆಕ್ಕ ಹಾಕಲಿ. ನಮ್ಮ ಹಿರಿಯರು ನಮಗೆ ಹೊಲ ಬಿಡಲಿಲ್ಲ, ಮಹಡಿ ಬಿಡಲಿಲ್ಲ. ದುಡಿಯುವ ಕೈ ಬಿಟ್ಟು ಹೋದರು, ಕೂಡಿ ನಿಂತರೆ ಗೆಲ್ಲುತ್ತೇವೆಂಬ ನಂಬಿಕೆ ಬಿಟ್ಟು ಹೋದರು. ನಾವು ಮಕ್ಕಳಿಗೆ ಬಿಡಬೇಕಾದದ್ದೂ ಅದನ್ನೇ. ಆ ಆಸ್ತಿಗೆ ಅಣ್ಣತಮ್ಮಂದಿರು ಬಡಿದಾಡುವ ಕಾರಣವಿಲ್ಲ. ಹಂಚಿದಷ್ಟೂ ಅದು ಬೆಳೆಯುತ್ತದೆ.