ನೀರಿನಿಂದ ಎಣ್ಣೆ: ಸೌತೆಬೀಜ ಮತ್ತು ಮುರುಗಲು



ಸೌತೆಬೀಜವನ್ನು ನೀರಿನಲ್ಲಿ ಅರೆದು ಸೋಸಿದರೆ ಹಾಲಿನಂತಹ ದ್ರವ ದೊರೆಯುತ್ತದೆ. ಆ ಬಿಳುಪಿಗೆ ಮುಖ್ಯ ಕಾರಣ ಎಣ್ಣೆಯ ಸೂಕ್ಷ್ಮ ಕಣಗಳು. ಬೀಜದ ಜೀವಕೋಶಗಳಲ್ಲಿ ಎಣ್ಣೆಯು ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಗಾತ್ರದ ಕಣಗಳಾಗಿ ಅಡಗಿರುತ್ತದೆ. ಕಣಗಳ ಸುತ್ತ ಪ್ರೋಟೀನು ಬೆರೆತ ತೆಳುವಾದ ಹೊದಿಕೆಯಿರುವುದರಿಂದ ಅವು ಒಂದರೊಡನೊಂದು ಕೂಡಿಕೊಳ್ಳುವುದಿಲ್ಲ. ನೀರಿಗಿಂತ ಹಗುರವಾದ ಕಾರಣ ನಿಧಾನವಾಗಿ ಕೆನೆಯಂತೆ ಮೇಲೇರುತ್ತವೆ. ಪ್ರಯೋಗಾಲಯದಲ್ಲಿ ರಭಸದಿಂದ ತಿರುಗುವ ಯಂತ್ರವು ಈ ಕೆಲಸವನ್ನು ಬೇಗ ಮುಗಿಸುತ್ತದೆ. ಆ ಕೆನೆಯನ್ನು ಮತ್ತೆ ಮತ್ತೆ ನೀರಿನಲ್ಲಿ ಕದಡಿ ತೆಗೆದಂತೆ ಅಂಟಿಕೊಂಡಿದ್ದ ಇತರ ಪದಾರ್ಥಗಳು ಕಳಚಿ ಶುದ್ಧವಾಗುತ್ತದೆ. ಇದಕ್ಕೆ ರಾಸಾಯನಿಕ ದ್ರಾವಕ ಬೇಕಿಲ್ಲ.

ಮುರುಗಲು ಬೀಜದ ಜಿಡ್ಡಿನ ಸ್ವಭಾವ ಬೇರೆ. ಅದು ಕರಗಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಆದುದರಿಂದಲೇ ಹಿರಿಯರು ಒಣಗಿದ ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸುತ್ತಿದ್ದರು. ಕರಗಿ ತೇಲಿದ ಜಿಡ್ಡು ತಣಿದ ಮೇಲೆ ಹೆಪ್ಪುಗಟ್ಟುತ್ತಿತ್ತು. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಅದೇ. ಇಂದು ಅನೇಕ ಮನೆಗಳಲ್ಲಿ ಸಿಪ್ಪೆಯನ್ನಷ್ಟೇ ಉಳಿಸಿಕೊಂಡು ಬೀಜವನ್ನು ತಿಪ್ಪೆಗೆ ಎಸೆಯಲಾಗುತ್ತಿದೆ.

ಆದರೆ ಕುದಿಸಲು ಬೆಂಕಿ ಬೇಕು. ಅದಕ್ಕಾಗಿ ಹಸಿಮರ ಉರುಳಿದರೆ ತುಪ್ಪದ ಲಾಭ ಕಾಡಿನ ನಷ್ಟವಾಗುತ್ತದೆ. ಅಡಿಕೆ ಸಿಪ್ಪೆ, ಗೋಬರ್ ಗ್ಯಾಸ್ ಇರುವಲ್ಲಿ ಅವೇ ಸಾಕು. ಮಾಗಿದ ಹಣ್ಣನ್ನು ಮಾತ್ರ ಆಯಬೇಕು, ಟೊಂಗೆ ಕಡಿಯಬಾರದು, ಒಂದು ಪಾಲನ್ನು ಮರದಡಿಯಲ್ಲಿಯೇ ಬಿಡಬೇಕು. ಕುದಿದ ಬೀಜ ಮೊಳೆಯದು.